ಮಂಜರಾಬಾದಿನ ದುರ್ಗವೂ ಅದರ ಜೀರ್ಣೋದ್ಧಾರದ ಪ್ರಶ್ನೆಯೂ

ಹಾಸನದಿಂದ ಪಶ್ಚಿಮಕ್ಕೆ ಹೊರಟು, ಆಲೂರಿನ ದಿಣ್ಣೆಗಳನ್ನು ದಾಟಿ, ಹೇಮಾವತಿಯ ತೀರದ ಸಕಲೇಶಪುರವನ್ನು ಸೇರಿದ ಪ್ರಯಾಣಿಕನಿಗೆ, ಅಲ್ಲಿಂದ ಮುಂದೆ ಮಂಗಳೂರಿನ ಹೆದ್ದಾರಿಯಲ್ಲಿ ಐದಾರು ಕಿಲೋಮೀಟರು ಸಾಗುವಷ್ಟರಲ್ಲಿ ದೋಣಿಗಾಲಿನ ಗುಡ್ಡವು ಎದುರಾಗುತ್ತದೆ. ಸಮುದ್ರಮಟ್ಟದಿಂದ 988 ಮೀಟರು ಎತ್ತರವಿರುವ ಆ ಗುಡ್ಡದ ನೆತ್ತಿಯಲ್ಲಿ, ಸುಮಾರು 250 ಮೆಟ್ಟಿಲುಗಳನ್ನು ಹತ್ತಿದ ಮೇಲೆ ದೊರೆಯುವುದೇ ಮಂಜರಾಬಾದಿನ ಕೋಟೆ. ಕರ್ನಾಟಕದಲ್ಲಿ ಕೋಟೆಗಳಿಗೆ ಬರವಿಲ್ಲ. ಚಿತ್ರದುರ್ಗ, ಮಧುಗಿರಿ, ಬಳ್ಳಾರಿ, ಕವಲೇದುರ್ಗ ಎಂದು ಎಣಿಸುತ್ತ ಹೋದರೆ ಒಂದು ನಾಮಾವಳಿಯೇ ಆದೀತು. ಆದರೆ ಎಂಟು ಮೊನೆಗಳ ನಕ್ಷತ್ರದಂತೆ ನೆಲದ ಮೇಲೆ ಹರಡಿಕೊಂಡಿರುವ ಇಂತಹ ದುರ್ಗವು ಈ ನಾಡಿನಲ್ಲಿ ವಿರಳ. ಇದರ ಆಕಾರವನ್ನು ಕುರಿತು ಬೆರಗಿನಿಂದ ಹೇಳಿದವರು ಹಲವರು. ಇದರ ಅನ್ನವನ್ನು ಕುರಿತು, ಎಂದರೆ ಇದನ್ನು ಸಾಕಿದವರು ಯಾರು, ಆ ಸಾಕಣೆ ಯಾವಾಗ ನಿಂತಿತು, ಈಗ ಸಾಕಬೇಕಾದವರು ಯಾರು ಎಂಬುದನ್ನು ಕುರಿತು ಕೇಳಿದವರು ಸ್ವಲ್ಪ. ಮಳೆನಾಡಿನ ಕಲ್ಲುಗಾರೆಯ ಕಟ್ಟಡಕ್ಕೆ ಈ ಎರಡನೆಯ ಪ್ರಶ್ನೆಯೇ ಪ್ರಾಣಪ್ರಶ್ನೆ.

ಮೊದಲು ಹೆಸರಿನ ವಿಚಾರ. ಟೀಪು ಸುಲ್ತಾನನು ಕೋಟೆಯನ್ನು ನೋಡಲು ಬಂದಾಗ ಅದು ಮಂಜಿನಲ್ಲಿ ಮುಳುಗಿತ್ತೆಂದೂ, ಅದರಿಂದ ಅವನು ಇದಕ್ಕೆ ಮಂಜರಾಬಾದ್ ಎಂದು ಹೆಸರಿಟ್ಟನೆಂದೂ ಜನರು ಹೇಳುತ್ತಾರೆ. ಗ್ಯಾಸೆಟಿಯರಿನಲ್ಲಿಯೂ ಈ ಮಾತೇ ಬಂದಿದೆ. ಕಥೆ ಸೊಗಸಾಗಿದೆ, ಸ್ಥಳಕ್ಕೂ ಹೊಂದುತ್ತದೆ. ಆದರೆ ವ್ಯುತ್ಪತ್ತಿಯನ್ನು ನೋಡುವವರಿಗೆ ನಡುವಿನ ರಕಾರವು ಎಲ್ಲಿಂದ ಬಂತೆಂಬ ಶಂಕೆ ಹುಟ್ಟದೆ ಇರದು. ‘ಮಂಜು’ ಎಂಬ ಕನ್ನಡ ಶಬ್ದಕ್ಕೆ ‘ಆಬಾದ್’ ಸೇರಿದರೆ ‘ಮಂಜಾಬಾದ್’ ಆಗಬೇಕೇ ಹೊರತು ‘ಮಂಜರಾಬಾದ್’ ಆಗದು. ಟೀಪುವು ಊರುಗಳಿಗೆ ಇಟ್ಟ ಹೊಸ ಹೆಸರುಗಳಾದರೋ ಪಾರಸಿಯ ಹೆಸರುಗಳು: ಚಿತ್ರದುರ್ಗವು ಫರ್ರುಖ್‌ಯಾಬ್ ಹಿಸಾರ್, ಧಾರವಾಡವು ಖುರ್ಷೀದ್ ಸವಾದ್ ಎಂದು ಅವನ ನಾಣ್ಯಗಳಲ್ಲಿ ಬರುತ್ತವೆ. ಮೈಸೂರಿನ ಹಳೆಯ ಕೋಟೆಯನ್ನು ಕೆಡಹಿಸಿ ಪಕ್ಕದ ದಿಣ್ಣೆಯ ಮೇಲೆ ಅವನು ಕಟ್ಟಲಾರಂಭಿಸಿದ ಹೊಸ ಕೋಟೆಗೆ ನಜರಾಬಾದ್ ಎಂದು ಹೆಸರು; ಇಂದಿಗೂ ಮೈಸೂರಿನ ಒಂದು ಬಡಾವಣೆಗೆ ಆ ಹೆಸರುಂಟು. ‘ನಜರ್’ ಎಂದರೆ ನೋಟ. ಅದೇ ಅರಬ್ಬೀ ಧಾತುವಿನಿಂದ ಹುಟ್ಟಿದ ‘ಮಂಜರ್’ ಎಂಬುದಕ್ಕೆ ದೃಶ್ಯ, ಕಣ್ಣಿಗೆ ಬೀಳುವ ವಿಸ್ತಾರ ಎಂದರ್ಥ. ನಾಲ್ಕು ದಿಕ್ಕಿನ ಕಣಿವೆಗಳನ್ನೂ ತಿಳಿಯಾದ ದಿನ ಪಡುಗಡಲಿನ ಅಂಚನ್ನೂ ಕಾಣಿಸುವ ಈ ನೆತ್ತಿಗೆ ಆ ಹೆಸರು ಅನ್ವರ್ಥವಾಗುತ್ತದೆ. ಮಂಜು ಮುಸುಕಿ ಏನೂ ಕಾಣಿಸಲಿಲ್ಲವೆಂಬ ಕಥೆಯೂ, ಎಲ್ಲವೂ ಕಾಣಿಸುತ್ತದೆಂಬ ಹೆಸರೂ ಒಂದೇ ಕಡೆ ಕೂಡಿಕೊಂಡಿರುವುದು ವಿನೋದಕರ. ಕನ್ನಡದ ಕಿವಿಯು ಪರಭಾಷೆಯ ಪದವನ್ನು ತನ್ನದಾಗಿ ಕೇಳಿಕೊಂಡು ಅದಕ್ಕೆ ಕಥೆ ಹೊಸೆದಿರುವ ಸಂಭವವೇ ಹೆಚ್ಚು.

ಕೋಟೆಗಿಂತ ಹಿಂದೆ ಈ ಸೀಮೆಗೆ ಬಲಂ ಎಂದು ಹೆಸರು. ವಿಜಯನಗರದ ಕಾಲದಲ್ಲಿ ಬೇಲೂರಿನಿಂದ ಆಳಿದ ನಾಯಕರ ಸಂತತಿಯವರು ಮುಂದೆ ಇಕ್ಕೇರಿಯ ಮತ್ತು ಮೈಸೂರಿನ ಒತ್ತಡಗಳ ನಡುವೆ ಸಿಕ್ಕಿ, ಪಶ್ಚಿಮದ ಕಾಡುಗಳಿಗೆ ಸರಿದು, ಐಗೂರಿನಲ್ಲಿ ನೆಲೆನಿಂತರು. ಘಟ್ಟದ ಮೇಲಣ ದಾರಿಗಳನ್ನೆಲ್ಲ ಬಲ್ಲ ಪಾಳೆಯಗಾರರು ಇವರು. ಕರಾವಳಿಯಿಂದ ಬಯಲುಸೀಮೆಗೆ ಏರುವ ಶಿರಾಡಿ, ಬಿಸಿಲೆ ಮೊದಲಾದ ಕಣಿವೆಗಳನ್ನು ಹಿಡಿದವನ ಕೈಯಲ್ಲಿ ಶ್ರೀರಂಗಪಟ್ಟಣದ ಪಶ್ಚಿಮದ್ವಾರವಿದ್ದಂತೆ. 1783ರ ಆರಂಭದಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನು ಉತ್ತರದ ಘಟ್ಟವೊಂದನ್ನು ಹತ್ತಿ ಬಂದು ಬಿದನೂರನ್ನೇ ಹಿಡಿದದ್ದು, ಮಂಗಳೂರಿನ ದೀರ್ಘವಾದ ಮುತ್ತಿಗೆಯ ಬಳಿಕ 1784ರಲ್ಲಿ ಅಲ್ಲಿಯೇ ಒಪ್ಪಂದವಾದದ್ದು, ಇವೆರಡೂ ಟೀಪುವಿಗೆ ಮರೆಯುವ ಸಂಗತಿಗಳಾಗಿರಲಿಲ್ಲ. ದಕ್ಷಿಣದ ಪಕ್ಕದಲ್ಲಿ ಕೊಡಗು ಎಂದೂ ಪಳಗಿರಲಿಲ್ಲ. ಕೋಟೆಯ ಕೆಲಸ 1785ರ ವೇಳೆಗೆ ಮೊದಲಾಯಿತೆಂದು ಕೆಲವರು ಹೇಳುತ್ತಾರೆ. ಮುಗಿದ ವರ್ಷ 1792 ಎಂಬುದು ಸಾಮಾನ್ಯವಾದ ಹೇಳಿಕೆ.

ಈ 1792 ಎಂಬ ವರ್ಷದ ಮೇಲೆ ದೃಷ್ಟಿಯನ್ನು ನಿಲ್ಲಿಸುವುದು ಅವಶ್ಯ. ಆ ವರ್ಷದ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟೀಪುವು ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟನು. 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಲು ಒಪ್ಪಿದನು. ಹಣ ಸಲ್ಲುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. ಕೊಡಗು ಇಂಗ್ಲಿಷರ ಆಶ್ರಯಕ್ಕೆ ಹೋಯಿತು. ಬಲಂ ಸೀಮೆಯ ಕೃಷ್ಣಪ್ಪನಾಯಕನು ಆ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠೀ ಸೇನೆಯನ್ನು ಸೇರಿದ್ದು, ಶಾಂತಿಯಾದ ಮೇಲೆ ಭಯದಿಂದ ಕೊಡಗಿಗೆ ಓಡಿದನು. ಟೀಪುವು ಅವನನ್ನು ಸಾಮದಿಂದ ಹಿಂದಕ್ಕೆ ಕರೆಸಿ ಐಗೂರು ಸೀಮೆಯನ್ನು ಮಾತ್ರ ಕೊಟ್ಟು ಮಿಕ್ಕ ಬಲಂ ಪ್ರಾಂತವನ್ನು ತನ್ನಲ್ಲಿಯೇ ಇರಿಸಿಕೊಂಡನು. ಒಂದು ಕಡೆ ಎಂದೂ ಇಲ್ಲದ ಧನದಾರಿದ್ರ್ಯ, ಇನ್ನೊಂದು ಕಡೆ ಗಡಿಯು ಮನೆಯಂಗಳಕ್ಕೇ ಬಂದು ನಿಂತ ಭೀತಿ. ಬೊಕ್ಕಸ ಬರಿದಾದ ಕಾಲದ ಕೋಟೆಯಿದು.

ಇಲ್ಲಿ ಅರ್ಥಶಾಸ್ತ್ರದ ಒಂದು ಚರ್ಚೆಯು ತಾನಾಗಿ ನೆನಪಿಗೆ ಬರುತ್ತದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಎಂಟನೆಯ ಅಧಿಕರಣದಲ್ಲಿ, ರಾಜ್ಯದ ಸಪ್ತಾಂಗಗಳಿಗೆ ಒದಗುವ ವ್ಯಸನಗಳಲ್ಲಿ ಯಾವುದು ಗುರುತರವೆಂಬ ವಿಚಾರವಿದೆ. ದುರ್ಗಕ್ಕೆ ಕೇಡು ಬಂದರೆ ಹೆಚ್ಚೋ, ಕೋಶಕ್ಕೆ ಕೇಡು ಬಂದರೆ ಹೆಚ್ಚೋ ಎಂಬಲ್ಲಿ ಪಿಶುನನೆಂಬ ಆಚಾರ್ಯನ ಮತವು ಕೋಶದ ಕಡೆಗೆ. ಹಣವಿದ್ದರೆ ಕೋಟೆಯನ್ನು ಕಟ್ಟಿಸಬಹುದು, ಕಟ್ಟಿದ್ದನ್ನು ನೇರ್ಪಡಿಸಬಹುದು, ಕಾಯಿಸಬಹುದು. ಹಣವಿಲ್ಲದ ಕೋಟೆಯಿಂದ ಏನು ಪ್ರಯೋಜನ ಎಂಬುದು ಅವನ ವಾದದ ತಿರುಳು. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಕೋಶವೂ ದಂಡವೂ ನೆಲಸುವುದೇ ದುರ್ಗದಲ್ಲಿ. ದುರ್ಗವು ಹೋದರೆ ಕೋಶವು ಪರರ ಪಾಲಾಗುತ್ತದೆ ಎನ್ನುತ್ತಾನೆ. ಟೀಪುವಿಗೆ ಈ ಗ್ರಂಥದ ಪರಿಚಯವಿದ್ದಿರಲಾರದು. ಆದರೂ ಬರಿದಾದ ಬೊಕ್ಕಸವನ್ನು ಇಟ್ಟುಕೊಂಡು ಗಿರಿದುರ್ಗವನ್ನು ನಿಲ್ಲಿಸಿಕೊಂಡವನು ಕೌಟಿಲ್ಯನ ಪಕ್ಷದವನೇ ಸರಿ. ಇನ್ನೂರು ವರ್ಷಗಳ ಈಚೆಗೆ ಅದೇ ಕೋಟೆಯ ವಿಷಯದಲ್ಲಿ ಗೆದ್ದಿರುವುದು ಮಾತ್ರ ಪಿಶುನನ ಪಕ್ಷ.

ಕಟ್ಟಡದ ವಿಚಾರಕ್ಕೆ ಬರಬಹುದು. ಹಳೆಯ ಕೋಟೆಗಳ ಬಲವೆಲ್ಲ ಎತ್ತರದಲ್ಲಿ. ಫಿರಂಗಿಯು ಬಂದ ಮೇಲೆ ಎತ್ತರವೇ ದೌರ್ಬಲ್ಯವಾಯಿತು. ನೆಟ್ಟಗೆ ನಿಂತ ಗೋಡೆಯು ಗುಂಡಿಗೆ ಗುರಿಯಾಗಿ ಕುಸಿಯುವುದು. ಇದಕ್ಕೆ ಮದ್ದಾಗಿ ಇಟಲಿಯಲ್ಲಿ ಹುಟ್ಟಿ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ವಾಸ್ತುಕೋವಿದನಾದ ವೋಬಾನನ (1633–1707) ಕೈಯಲ್ಲಿ ಪರಿಪಾಕಕ್ಕೆ ಬಂದ ಪದ್ಧತಿಯಲ್ಲಿ, ಗೋಡೆಗಳು ತಗ್ಗಾಗಿಯೂ ದಪ್ಪವಾಗಿಯೂ ಇರುತ್ತವೆ. ಮೂಲೆಗಳು ಬಾಣದ ಮೊನೆಗಳಂತೆ ಹೊರಕ್ಕೆ ಚಾಚಿರುತ್ತವೆ. ದುಂಡಗಿನ ಕೊತ್ತಳದ ಬುಡದಲ್ಲಿ ಶತ್ರುವು ಅವಿತುಕೊಳ್ಳಲು ಎಡೆ ಸಿಕ್ಕುತ್ತದೆ, ಮೊನೆಗೊಂಡ ಕೊತ್ತಳದಲ್ಲಿ ಸಿಕ್ಕುವುದಿಲ್ಲ. ಒಂದು ಮೊನೆಯ ಪಕ್ಕವನ್ನು ಮತ್ತೊಂದು ಮೊನೆಯ ತೋಪು ಕಾಯುತ್ತದೆ. ಫ್ರಾನ್ಸಿನ ಪೂರ್ವದ ಗಡಿಯಲ್ಲಿ 1698ರಿಂದ ವೋಬಾನನು ಕಟ್ಟಿಸಿದ ನಫ್ ಬ್ರಿಸಾಕ್ ಎಂಬ ಅಷ್ಟಕೋನದ ಕೋಟೆಯು ಈ ಮಾರ್ಗದ ಪ್ರಸಿದ್ಧ ಮಾದರಿ. ಹೈದರನ ಮತ್ತು ಟೀಪುವಿನ ಸೇವೆಯಲ್ಲಿ ಫ್ರೆಂಚರಿದ್ದರು. 1788ರಲ್ಲಿ ಪ್ಯಾರಿಸಿನಲ್ಲಿದ್ದ ಟೀಪುವಿನ ರಾಯಭಾರಿಗಳು ಕುಶಲಕರ್ಮಿಗಳನ್ನು ಬೇಡಿದ್ದೂ ಉಂಟು. ಮಂಜರಾಬಾದಿನ ವಿನ್ಯಾಸವು ಆ ದಾರಿಯಿಂದ ಬಂದದ್ದೆಂಬುದರಲ್ಲಿ ವಿವಾದಕ್ಕೆ ಆಸ್ಪದ ಕಡಮೆ.

ಆದರೆ ಒಂದು ಮೊನೆಯಿಂದ ಇನ್ನೊಂದನ್ನು ಕಾಯುವ ಯುಕ್ತಿಯೇ ಪರದೇಶದ್ದೆಂದು ಹೇಳಿಬಿಡುವುದು ಸಾಹಸವಾದೀತು. ಅರ್ಥಶಾಸ್ತ್ರದ ದುರ್ಗವಿಧಾನದಲ್ಲಿ ಅಟ್ಟಾಲಕಕ್ಕೂ ಪ್ರತೋಲಿಗೂ ನಡುವೆ ಮೂವರು ಧನುರ್ಧಾರಿಗಳು ನಿಲ್ಲುವಷ್ಟು ಎಡೆಯುಳ್ಳ ‘ಇಂದ್ರಕೋಶ’ವನ್ನು ಮಾಡಬೇಕೆಂಬ ವಿಧಿಯುಂಟು. ಪ್ರಾಕಾರವನ್ನು ಮರದಿಂದ ಕಟ್ಟಬಾರದು, ಅದರಲ್ಲಿ ಅಗ್ನಿಯು ಅಡಗಿರುತ್ತಾನೆ ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಮನುವು ಆರು ಬಗೆಯ ದುರ್ಗಗಳಲ್ಲಿ ಗಿರಿದುರ್ಗಕ್ಕೆ ಅಗ್ರಸ್ಥಾನವನ್ನು ಕೊಡುತ್ತಾನೆ. ಸಾಧನವು ಬಿಲ್ಲಿನಿಂದ ಫಿರಂಗಿಗೆ ಬದಲಾದುದರಿಂದ ಕೋನವು ಬದಲಾಯಿತು; ಕಾಯುವವನ ಕಣ್ಣಿಗೆ ಮರೆಯಾದ ನೆಲವಿರಬಾರದೆಂಬ ತತ್ತ್ವವು ಎರಡು ಕಡೆಯೂ ಒಂದೇ.

ಮಂಜರಾಬಾದಿನ ಹೊರಗೋಡೆ ಕಗ್ಗಲ್ಲಿನದು, ಸುಣ್ಣದ ಗಾರೆಯಿಂದ ಕಟ್ಟಿದ್ದು. ಒಳಗಿನ ಕಟ್ಟಡಗಳು ಸುಟ್ಟ ಇಟ್ಟಿಗೆಯವು. ಸುತ್ತಲೂ ಕಂದಕ, ಎಂಟು ಮೊನೆಗಳಲ್ಲಿ ತೋಪುಗಳ ನೆಲೆ, ಗೋಡೆಯುದ್ದಕ್ಕೂ ಬಂದೂಕಿನ ಕಂಡಿಗಳು. ಒಳಗೆ ಸಿಪಾಯಿಗಳ ಕೊಠಡಿಗಳು, ಉಗ್ರಾಣ, ಅಡುಗೆಯ ಮನೆ. ನಟ್ಟನಡುವೆ ನಾಲ್ಕು ತೋಳುಗಳ ಆಕಾರದ ಕೊಳ, ಅದರ ಮಗ್ಗುಲಲ್ಲಿ ನೆಲದೊಳಕ್ಕೆ ಇಳಿದಂತಿರುವ ಎರಡು ಮದ್ದಿನ ಮನೆಗಳು. ಬೇಸಗೆಯಲ್ಲಿಯೂ ಇವುಗಳೊಳಗೆ ತಂಪು. ಬಾಗಿಲಿನ ಕಮಾನಿನ ಒಳಮಾಳಿಗೆಯಲ್ಲಿ ಕೋಟೆಯ ನಕ್ಷೆಯನ್ನೇ ಚಿತ್ರಿಸಿದೆ. ಪ್ರವೇಶಿಸುವವನು ತಲೆಯೆತ್ತಿದರೆ ತಾನು ಹೊಗುತ್ತಿರುವ ದುರ್ಗವನ್ನು ಆಕಾಶದಿಂದ ಕಂಡಂತಾಗುತ್ತದೆ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿತ್ತೆಂಬ ಮಾತನ್ನು, ಪ್ರತಿಯೊಂದು ಕೋಟೆಗೂ ಒಂದು ಸುರಂಗವನ್ನು ದಯಪಾಲಿಸುವ ಲೋಕರೂಢಿಯ ಲೆಕ್ಕಕ್ಕೆ ಸೇರಿಸಿದರೆ ಸಾಕು.

ಇಂತಹ ಕೋಟೆಗೆ ಹೊಟ್ಟೆಗೆ ಹಾಕುವುದೆಂತು? ಇಲ್ಲಿಯೇ ದೇವಾಲಯಕ್ಕೂ ದುರ್ಗಕ್ಕೂ ಇರುವ ಮೂಲಭೇದವು ಗೋಚರವಾಗುವುದು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತಜೀರ್ಣೋದ್ಧಾರ’ ಎಂಬ ಸಮಾಸವು ಕಂಠಸ್ಥವಾಗಿರುತ್ತದೆ. ದೇವರ ಅಂಗಭೋಗ, ರಂಗಭೋಗಗಳೊಡನೆ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದಕ್ಕೆಂದು ಗದ್ದೆ, ಬೆದ್ದಲು, ಗಾಣ, ಸುಂಕಗಳನ್ನು ಬಿಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿ, ಅಳಿದವನಿಗೆ ಶಾಪವನ್ನೂ ನುಡಿಯುವುದು ಪದ್ಧತಿ. ಕಟ್ಟಡವು ಕಟ್ಟಿದ ದಿನದಿಂದಲೇ ಬಿರಿಯತೊಡಗುತ್ತದೆಂಬುದನ್ನು ಆ ದಾನಿಗಳು ಅರಿತಿದ್ದರು. ರಿಪೇರಿಯನ್ನು ಮುಂದಿನವರ ಕೃಪೆಗೆ ಬಿಡದೆ ಕಟ್ಟಡದೊಡನೆಯೇ ಅದರ ಜೀವನೋಪಾಯವನ್ನೂ ಕಟ್ಟಿದರು. ರಾಜವಂಶವು ಹೋದರೂ ದತ್ತಿಯು ಹೋಗುತ್ತಿರಲಿಲ್ಲ. ಮಂಜರಾಬಾದಿಗೆ ನೆರೆಯದಾದ ಬೇಲೂರಿನಲ್ಲಿ 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಗುಡಿಯ ಗೋಪುರವು ಹಾಳಾದಾಗ, 1397ರಲ್ಲಿ ಅದನ್ನು ಮರಳಿ ಎತ್ತಿಸಿದವನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ. ಕಟ್ಟಿಸಿದ ವಂಶವೇ ಬೇರೆ, ಎತ್ತಿಸಿದ ವಂಶವೇ ಬೇರೆ; ದೇವರು ಒಬ್ಬನೇ ಆದುದರಿಂದ ಕೆಲಸವು ನಡೆಯಿತು.

ದುರ್ಗಕ್ಕೆ ಈ ಭಾಗ್ಯವಿಲ್ಲ. ಕೋಟೆಯ ಕಾವಲೂ ಗಾರೆಯೂ ಅರಸನ ಬೊಕ್ಕಸದಿಂದ, ಸೀಮೆಯ ಹುಟ್ಟುವಳಿಯಿಂದ, ಜನರ ದುಡಿಮೆಯಿಂದ ನಡೆಯತಕ್ಕವು. ದುರ್ಗದೊಳಗೆ ಅನೇಕ ವರ್ಷಗಳಿಗೆ ಸಾಲುವಷ್ಟು ಸಾಮಗ್ರಿಯನ್ನು ಕೂಡಿಟ್ಟು, ಹಳೆಯದನ್ನು ತೆಗೆದು ಹೊಸತನ್ನು ತುಂಬುತ್ತಿರಬೇಕೆಂದು ಕೌಟಿಲ್ಯನು ವಿಧಿಸುವುದೂ ನಿತ್ಯವ್ಯಯದ ಮಾತೇ. ಅರಸು ಅಳಿದರೆ ಆ ವ್ಯಯವು ಅಂದೇ ನಿಲ್ಲುತ್ತದೆ. ಗೆದ್ದವನಿಗೆ ಸೋತವನ ದೇವರು ಬೇಕಾಗಬಹುದು. ಸೋತವನ ಕೋಟೆಯು ತನ್ನ ಕೆಲಸಕ್ಕೆ ಬಂದರೆ ಮಾತ್ರ ಬೇಕು, ಬಾರದಿದ್ದರೆ ಅದು ಮುಂದಿನ ದಂಗೆಕೋರನ ಆಶ್ರಯ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂಜರಾಬಾದಿಗೆ ಆದದ್ದು ಇದು. ಕೃಷ್ಣಪ್ಪನಾಯಕನ ಮಗ ವೆಂಕಟಾದ್ರಿನಾಯಕನು ಐಗೂರಿನ ಕಾಡುಗಳಲ್ಲಿ ಸ್ವತಂತ್ರನಾಗಿ ನಿಂತನು. ಮುಂದೆ ವೆಲಿಂಗ್ಟನ್ ಎಂದು ಜಗತ್ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು 1802ರ ಜನವರಿಯಲ್ಲಿ ಅರಕೆರೆಯಲ್ಲಿದ್ದ ಅವನ ಬೇಲಿಕೋಟೆಯನ್ನು ಹೊಡೆದನು. ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಗಮನಿಸತಕ್ಕ ಅಂಶವೆಂದರೆ, ಬಲಂ ಸೀಮೆಯ ಕಡೆಯ ಕದನವು ನಡೆದದ್ದು ಫ್ರೆಂಚ್ ಮಾದರಿಯ ಕಗ್ಗಲ್ಲಿನ ಕೋಟೆಯಲ್ಲಲ್ಲ. ಮರಮುಳ್ಳುಗಳ ಬೇಲಿಯ ಮರೆಯಲ್ಲಿ, ಕಾಡಿನೊಳಗೆ. ಕೌಟಿಲ್ಯನು ವನದುರ್ಗವೆಂದು ಬೇರೆಯಾಗಿ ಎಣಿಸಿರುವುದು ಸುಮ್ಮನೆ ಅಲ್ಲ.

ಆ ಬಳಿಕ ಕೋಟೆಗೆ ಕೆಲಸವಿಲ್ಲವಾಯಿತು. ಹೆಸರು ಮಾತ್ರ ಬಹಳ ಕಾಲ ಉಳಿಯಿತು. ಸಕಲೇಶ್ವರನ ಗುಡಿಯಿಂದ ಹೆಸರು ಪಡೆದ ಸಕಲೇಶಪುರವು ಕಸಬೆಯಾಗಿದ್ದರೂ ತಾಲ್ಲೂಕನ್ನು ಮಂಜರಾಬಾದ್ ಎಂದೇ ಬರೆಯುತ್ತಿದ್ದರು, 1902ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಈ ಭಾಗದ ಶಾಸನಗಳು ಆ ಹೆಸರಿನ ಕೆಳಗೇ ಇವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಾಫಿಯ ತೋಟಗಳು ಹಬ್ಬಿದವು. ಬೆಟ್ಟದ ಸಂಪತ್ತೆಲ್ಲ ತೋಟಕ್ಕೂ ದಾರಿಗೂ ಹರಿಯಿತು. ಕಡೆಗೆ ತಾಲ್ಲೂಕಿನ ಹೆಸರೂ ಗುಡಿಯ ಕಡೆಗೇ ಹೋಯಿತು. ತೇರು ಎಳೆಯುವವರುಳ್ಳ ಸಕಲೇಶ್ವರನು ಗೆದ್ದನು.

ಸ್ಮಾರಕರಕ್ಷಣೆಯ ಶಾಸನಗಳು ತಡವಾಗಿ ಬಂದವು. ಬ್ರಿಟಿಷ್ ಇಂಡಿಯಾಕ್ಕೆ 1904ರಲ್ಲಿ, ಮೈಸೂರು ಸಂಸ್ಥಾನಕ್ಕೆ 1925ರಲ್ಲಿ, ಸ್ವಾತಂತ್ರ್ಯಾನಂತರ ಕೇಂದ್ರದಲ್ಲಿ 1958ರಲ್ಲಿ, ರಾಜ್ಯದಲ್ಲಿ 1961ರಲ್ಲಿ ಕಾಯಿದೆಗಳಾದವು. ಇವೆಲ್ಲವೂ ಕಲ್ಲನ್ನು ಕಿತ್ತುಕೊಂಡು ಹೋಗುವವನನ್ನು ತಡೆಯಬಲ್ಲವು. ಕಲ್ಲಿನ ಸಂಧಿಯಲ್ಲಿ ಬೇರಿಳಿಸುವ ಅರಳಿಯನ್ನು ತಡೆಯಲಾರವು. ಅದನ್ನು ತಡೆಯುವುದಕ್ಕೆ ಕುಡುಗೋಲು ಹಿಡಿದ ಆಳು ಬೇಕು, ಆ ಆಳಿಗೆ ಕೂಲಿ ಬೇಕು.

ಸಕಲೇಶಪುರದ ಬೆಟ್ಟಗಳಲ್ಲಿ ಮುಂಗಾರಿನ ನಾಲ್ಕು ತಿಂಗಳು ಗೋಡೆಗಳು ಒಣಗುವುದೇ ಇಲ್ಲ. ನಕ್ಷತ್ರಾಕೃತಿಯು ಯುದ್ಧದಲ್ಲಿ ಗುಣವಾದದ್ದು ಮಳೆಯಲ್ಲಿ ದೋಷ: ಚೌಕವಾದ ಕೋಟೆಗೆ ನಾಲ್ಕು ಮೂಲೆ, ಇದಕ್ಕೆ ಹೊರಚಾಚಿದವು ಎಂಟು, ಒಳಸರಿದವು ಎಂಟು. ಒಳಮೂಲೆಗಳಲ್ಲಿ ನೀರು ಕೂಡುತ್ತದೆ. ಗೋಡೆಯ ಹಿಂದಿನ ಮಣ್ಣಿನ ದಿಬ್ಬವು ನೀರು ಕುಡಿದು ಭಾರವಾಗಿ ಕಲ್ಲನ್ನು ಹೊರಕ್ಕೆ ನೂಕುತ್ತದೆ. ನೀರು ಹೊರಬೀಳುವ ತೂಬುಗಳು ಕಟ್ಟಿಕೊಂಡರೆ ನೂಕುಬಲ ಇಮ್ಮಡಿ. ಮೊದಲು ಹಾವಸೆ, ಹಾವಸೆಯಲ್ಲಿ ಜರಿಗಿಡ, ಜರಿಗಿಡದ ಮಣ್ಣಿನಲ್ಲಿ ಹಕ್ಕಿ ಹಾಕಿದ ಆಲದ ಬೀಜ. ಮೊದಲನೆಯ ವರ್ಷ ಬೆರಳಿನಿಂದ ಕೀಳಬಹುದಾದುದನ್ನು ಹತ್ತನೆಯ ವರ್ಷ ಕೊಡಲಿಯಿಂದ ತೆಗೆದರೆ ಗೋಡೆಯೂ ಜೊತೆಗೆ ಬರುತ್ತದೆ. ಆದುದರಿಂದ ಇಂತಹ ಕಟ್ಟಡಕ್ಕೆ ಬೇಕಾದುದು ಪ್ರತಿವರ್ಷವೂ ತಪ್ಪದೆ ಸಲ್ಲುವ ಸಣ್ಣ ಮೊತ್ತ. ಸರ್ಕಾರದ ಅನುದಾನಗಳ ರೀತಿಯಾದರೋ ಬೇರೆ, ಅವು ‘ಕಾಮಗಾರಿ’ಯ ರೂಪದಲ್ಲಿ, ಹಲವು ವರ್ಷಗಳಿಗೊಮ್ಮೆ, ಒಂದೇ ಸಲ ಬರುತ್ತವೆ, ಆರ್ಥಿಕ ವರ್ಷದ ಕೊನೆಯೊಳಗೆ ವೆಚ್ಚವಾಗಬೇಕು. ಸುಣ್ಣವನ್ನು ಅರಳಿಸಿ, ಕೊಳೆಸಿ, ಅರೆದು ಗಾರೆ ಮಾಡುವ ತಾಳ್ಮೆಯು ಆ ಗಡುವಿನೊಳಗೆ ಹಿಡಿಸದು. ಆಗ ಸಿಮೆಂಟು ಬರುತ್ತದೆ. ಸುಣ್ಣದ ಗಾರೆಯು ಉಸಿರಾಡುತ್ತದೆ, ತೇವವನ್ನು ಬಿಟ್ಟುಕೊಡುತ್ತದೆ. ಸಿಮೆಂಟು ತೇವವನ್ನು ಒಳಗೇ ಕಟ್ಟಿಹಾಕಿ ಪಕ್ಕದ ಇಟ್ಟಿಗೆಯನ್ನು ಪುಡಿಮಾಡುತ್ತದೆ. ಹಣವಿಲ್ಲದ ಕೇಡಿಗಿಂತ ಹಣವು ಅಕಾಲದಲ್ಲಿ ಬಂದ ಕೇಡು ಕೆಲವೆಡೆ ಹೆಚ್ಚಿನದಾಗಿ ಕಾಣುವುದು ಈ ಕಾರಣದಿಂದ.

ಹಣಕ್ಕೆ ಪ್ರತಿಸ್ಪರ್ಧಿಗಳೂ ಪ್ರಬಲರು. ಕೋಟೆಯು ಯಾವ ದಾರಿಯನ್ನು ಕಾಯಲು ಹುಟ್ಟಿತೋ ಆ ದಾರಿಯೇ ಈಗ ಅದರ ಮೊದಲನೆಯ ದಾಯಾದಿ. ಶಿರಾಡಿಯ ಹೆದ್ದಾರಿಯು 2018ರ ಮಳೆಯಲ್ಲಿ ಕುಸಿಯಿತು. 2024ರಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲಿ ಗುಡ್ಡವೇ ರಸ್ತೆಗೆ ಬಂತು. ಅದೇ ವರ್ಷ ಘಟ್ಟದ ರೈಲುದಾರಿಯೂ ಕಡಿಯಿತು. ಬಂದರಿಗೂ ರಾಜಧಾನಿಗೂ ನಡುವಣ ಸಂಚಾರವು ನಿಂತಾಗ ಕೋಟೆಯ ಗಾರೆಯ ಮಾತನ್ನೆತ್ತುವವರಾರು? ಎರಡನೆಯ ದಾಯಾದಿ ಆನೆ. ಆಲೂರು, ಸಕಲೇಶಪುರದ ಬೆಟ್ಟಗಳಲ್ಲಿ ಕಾಫಿಯ ತೋಟಗಳಿಗೂ ಗದ್ದೆಗಳಿಗೂ ಇಳಿಯುವ ಕಾಡಾನೆಗಳಿಂದ ಬೆಳೆಯೂ ಜೀವವೂ ಹೋಗುತ್ತಿರುವುದು ಈ ಭಾಗದ ನಿತ್ಯದ ದುಃಖ. ಆ ಪರಿಹಾರಕ್ಕೆ ಸಲ್ಲಬೇಕಾದ ಹಣವನ್ನು ಕಲ್ಲಿಗೆ ಕೊಡಿರೆಂದು ಕೇಳುವುದು ನ್ಯಾಯವೂ ಅಲ್ಲ. ಕೋಟೆಯ ಕೋರಿಕೆಯು ಅನ್ನದವರ ಸಾಲಿನಲ್ಲಿ ನಿಲ್ಲಬಾರದು. ಅದಕ್ಕೆ ತನ್ನದೇ ಆದ ಮೂಲವಿರಬೇಕು.

ಹಣವೇ ಇಲ್ಲವೆಂಬ ಮಾತೂ ಪೂರ್ಣವಾಗಿ ನಿಜವಲ್ಲ. ಶ್ರೀರಂಗಪಟ್ಟಣದಲ್ಲಿ ಟೀಪುವಿನ ಕಾಲದ ಮದ್ದಿನ ಮನೆಯೊಂದು ರೈಲಿನ ಜೋಡಿಹಳಿಗೆ ಅಡ್ಡವಾಗಿತ್ತು. 2017ರಲ್ಲಿ ಆ ಕಟ್ಟಡವನ್ನು ಬುಡಸಮೇತ ಎತ್ತಿ, ಒಂದು ಇಟ್ಟಿಗೆಯೂ ಕದಲದಂತೆ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ನಿಲ್ಲಿಸಿದರು. ಕೋಟಿಗಳ ಲೆಕ್ಕದಲ್ಲಿ ವೆಚ್ಚವಾಯಿತು. ಕೆಲಸವು ಶ್ಲಾಘ್ಯವಾದುದೇ. ಆದರೆ ಅಡ್ಡವಾಗಿದ್ದುದರಿಂದಲೇ ಆ ಮದ್ದಿನ ಮನೆಗೆ ಗೌರವ ದೊರೆಯಿತೆಂಬುದನ್ನು ಮರೆಯುವಂತಿಲ್ಲ. ಮಂಜರಾಬಾದಿನ ಮದ್ದಿನ ಮನೆಗಳು ಯಾರಿಗೂ ಅಡ್ಡವಾಗಿಲ್ಲ.

ಆಯುಧಗಳ ಗತಿಯೂ ಕೋಟೆಗಳ ಗತಿಗಿಂತ ಭಿನ್ನವಲ್ಲ. 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ ಮೈಸೂರಿನ ಕಬ್ಬಿಣದ ಬಾಣಗಳಲ್ಲಿ ಕೆಲವು 1799ರ ಬಳಿಕ ಲಂಡನ್ನಿನ ಹತ್ತಿರದ ವೂಲಿಚ್ಚಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಲು ಅವು ಪ್ರೇರಕವಾದವು. ವೂಲಿಚ್ಚಿನ ತೋಪುಖಾನೆಯ ವಸ್ತುಸಂಗ್ರಹಾಲಯವು 1820ರಿಂದ ಸಾರ್ವಜನಿಕರಿಗೆ ತೆರೆದಿದ್ದ ಪ್ರಾಚೀನ ಸಂಸ್ಥೆ. ಸಾಮ್ರಾಜ್ಯದ ಬೆಂಬಲವಿದ್ದ ಆ ಸಂಗ್ರಹವನ್ನು 2001ರಲ್ಲಿ ಹೊಸ ಕಟ್ಟಡಗಳಲ್ಲಿ ‘ಫೈರ್‌ಪವರ್’ ಎಂಬ ಹೆಸರಿನಿಂದ ವೈಭವದಿಂದ ತೆರೆದರು. ಬರುವವರ ಸಂಖ್ಯೆ ಸಾಲಲಿಲ್ಲ, ವೆಚ್ಚವು ಹೊರೆಯಾಯಿತು, 2016ರಲ್ಲಿ ಮುಚ್ಚಿದರು. ಗೆದ್ದವರ ಆಯುಧಶಾಲೆಗೂ ಕೋಶವ್ಯಸನವು ತಪ್ಪಲಿಲ್ಲ. ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಕೆಸರಿನಿಂದ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳು ಹೊರಬಂದವು. ಜಗತ್ತಿನಲ್ಲಿ ಇಂತಹ ರಾಶಿಯು ಇನ್ನೊಂದಿಲ್ಲ. ನೆಲದೊಳಗೆ ಎರಡು ಶತಮಾನ ಕೆಸರು ಅವುಗಳನ್ನು ಕಾಯಿತು. ಗಾಳಿಗೆ ಬಂದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಅಂದಿನಿಂದ ಮೊದಲು. ಉಪ್ಪನ್ನು ತೆಗೆದು, ತೇವವನ್ನು ಅಳತೆಯಲ್ಲಿಟ್ಟು ಕಾಪಾಡುವುದು ನಿರಂತರವಾದ ವೆಚ್ಚ. ಅಗೆದು ತೆಗೆಯುವ ದಿನ ಪತ್ರಿಕೆಗಳವರು ಬರುತ್ತಾರೆ. ತುಕ್ಕನ್ನು ಒರೆಸುವ ದಿನ ಬರುವವರಿಲ್ಲ.

ನೆರೆಯ ಮಡಿಕೇರಿಯಲ್ಲಿ ಮಾತ್ರ ಒಂದು ಸಂತೋಷದ ನಿದರ್ಶನವುಂಟು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಅನೇಕ ವರ್ಷ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. ಕೊಡಗಿನ ಸೇನಾನಿವೃತ್ತರೂ ಅಭಿಮಾನಿಗಳೂ ಬಿಡದೆ ಬೆನ್ನುಹತ್ತಿದುದರ ಫಲವಾಗಿ, ರಾಜ್ಯ ಸರ್ಕಾರದ ಹಣದಿಂದ ಅದು ಸೈನಿಕ ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟಿತು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಅದನ್ನು ತೆರೆದರು. ಕಟ್ಟಡಕ್ಕೆ ಬಳಗವಿದ್ದುದೇ ಇಲ್ಲಿನ ರಹಸ್ಯ. ಬಲಂ ಸೀಮೆಯಲ್ಲಿ ಮಂಜರಾಬಾದಿಗೆ ಅಂತಹ ಬಳಗವು ಹುಟ್ಟದಿರಲು ಇತಿಹಾಸವೂ ಕಾರಣ. ಕಟ್ಟಿಸಿದವನು ಈ ಸೀಮೆಯ ನಾಯಕನ ನೆಲವನ್ನು ಕಿತ್ತುಕೊಂಡವನು. ಅವನ ಗುಣದೋಷಗಳ ವಿವಾದವು ಇಂದಿಗೂ ಆರಿಲ್ಲ. ಆ ವಿವಾದವನ್ನು ಗ್ರಂಥಗಳಲ್ಲಿ ನಡೆಸಲು ಯಾರ ಅಡ್ಡಿಯೂ ಇಲ್ಲ. ಕಲ್ಲನ್ನು ಹೊತ್ತವರು, ಸುಣ್ಣವನ್ನು ಅರೆದವರು, ಕಂದಕವನ್ನು ತೋಡಿದವರು ಆ ರಾಜ್ಯದ ಪ್ರಜೆಗಳೇ ಎಂಬುದನ್ನು ಮಾತ್ರ ಆ ಲೆಕ್ಕದಲ್ಲಿ ಬಿಡಬಾರದು.

ಈಚಿನ ಉಪಾಯಗಳು ಕೆಲವು. 1996ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಸಂಸ್ಕೃತಿನಿಧಿಯನ್ನು ಸ್ಥಾಪಿಸಿತು. 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಲಾಭದ ನೂರಕ್ಕೆ ಎರಡು ಭಾಗವನ್ನು ಲೋಕಹಿತಕ್ಕೆ ವಿನಿಯೋಗಿಸಬೇಕು. ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರವೂ ಆ ಪಟ್ಟಿಯಲ್ಲಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ನೂರಕ್ಕೆ ನಲವತ್ತು, ಸರ್ಕಾರ ನಲವತ್ತು, ಊರವರು ಇಪ್ಪತ್ತು ಎಂಬ ಪಾಲಿನಲ್ಲಿ ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿರುವುದು ಸುಪ್ರಸಿದ್ಧ. ಊರವರ ಆ ಇಪ್ಪತ್ತರ ಪಾಲೇ ಕಟ್ಟಡವನ್ನು ಮುಂದೆಯೂ ಕಾಯುವುದು. 2023ರಲ್ಲಿ ಕರ್ನಾಟಕ ಸರ್ಕಾರವು ‘ನಮ್ಮ ಸ್ಮಾರಕ’ವೆಂಬ ಹೆಸರಿನಿಂದ ಸ್ಮಾರಕಗಳನ್ನು ದತ್ತು ಕೊಡುವ ಯೋಜನೆಯನ್ನು ಸಾರಿತು.

ದತ್ತು, ದತ್ತಿ ಎರಡೂ ಒಂದೇ ಧಾತುವಿನ ಮಕ್ಕಳು. ಆದರೂ ಅರ್ಥದಲ್ಲಿ ಅಂತರ ಬಹಳ. ದತ್ತಿಯಲ್ಲಿ ಕೊಟ್ಟವನು ಕೊಟ್ಟು ಹಿಂದೆ ಸರಿಯುತ್ತಾನೆ. ಭೂಮಿಯು ವರ್ಷವರ್ಷವೂ ಕೊಡುತ್ತಿರುತ್ತದೆ. ದತ್ತುವಿನಲ್ಲಿ ಸಾಕುವವನ ಮನಸ್ಸೂ ಸ್ಥಿತಿಯೂ ನೆಟ್ಟಗಿರುವವರೆಗೆ ಮಾತ್ರ ಸಾಕಣೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಹೇಳುವ ದತ್ತಕನಾದರೋ ಮನೆಯ ಆಸ್ತಿಗೂ ಪಿಂಡಕ್ಕೂ ಬಾಧ್ಯನಾಗುವ ಮಗ; ಒಪ್ಪಂದದ ಅವಧಿ ಮುಗಿದೊಡನೆ ಹಿಂದಿರುಗಿಸಬಹುದಾದ ಮಗುವನ್ನು ಧರ್ಮಶಾಸ್ತ್ರವು ಕಂಡಿಲ್ಲ. ಶಾಸನಕರ್ತರ ಜಾಣತನವನ್ನು ಇಂದಿನ ವ್ಯವಸ್ಥೆಯೊಳಗೆ ಹೊಂದಿಸುವುದಾದರೆ, ಮಂಜರಾಬಾದಿನ ಹೆಸರಿನಲ್ಲಿ ಒಂದು ಮೂಲಧನವಿದ್ದು, ಅದರ ಬಡ್ಡಿಯು ಪ್ರತಿವರ್ಷ ಮಳೆಗೆ ಮುಂಚೆ ತೂಬುಗಳನ್ನು ಬಿಡಿಸಲು, ಮಳೆಯಾದ ಮೇಲೆ ಗಿಡಗಳನ್ನು ಕೀಳಲು, ಬೇಸಗೆಯಲ್ಲಿ ಗಾರೆಯನ್ನು ತುಂಬಲು ಸಲ್ಲುವಂತೆ ಇರಬೇಕು. ಕೋಟೆಯ ಹೆಸರನ್ನು ತಮ್ಮ ತೋಟಗಳ ಕಡತಗಳಲ್ಲಿಯೂ ಸಂಘಗಳಲ್ಲಿಯೂ ಹೊತ್ತು ಬಂದಿರುವ ಕಾಫಿ ಬೆಳೆಗಾರರ ಸೀಮೆಗೆ ಇದು ಅಸಾಧ್ಯವಾದ ಭಾರವೆಂದು ತೋರುವುದಿಲ್ಲ. ಗೋಡೆಯಿಂದ ಉದುರಿದ ಕಲ್ಲನ್ನು ಮತ್ತೆ ಸೇರಿಸುವ ಗೌಡಿಗಳು ಸಿಕ್ಕುತ್ತಾರೆ. ಸುಣ್ಣದ ಕೆಲಸ ಬಲ್ಲವರು ಅಪೂರ್ವವಾಗುತ್ತಿರುವುದರಿಂದ ಅವರನ್ನು ವರ್ಷವಿಡೀ ಕೆಲಸದಲ್ಲಿಟ್ಟು ಕಿರಿಯರಿಗೆ ಕಲಿಸುವಂತೆ ಮಾಡುವುದೂ ಆ ಬಡ್ಡಿಯ ವಿನಿಯೋಗದಲ್ಲಿ ಸೇರತಕ್ಕದ್ದು.

ಎಲ್ಲಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಅದಕ್ಕೆ ಮೂಲಧನವೂ ಬೇಡ. ಬಾಗಿಲಿನ ಕಮಾನಿನ ಒಳಮಾಳಿಗೆಯ ಆ ನಕ್ಷೆಯನ್ನು ಅಳತೆಯೊಡನೆ, ವರ್ಣವಿವರಗಳೊಡನೆ ಪ್ರತಿಮಾಡಿ, ನೆಲದ ಮೇಲಿನ ಕೋಟೆಯೊಡನೆ ಮೊನೆಮೊನೆಯಾಗಿ ಹೋಲಿಸಿ ನೋಡಬೇಕು. ಕಟ್ಟಿದವರು ಉದ್ದೇಶಿಸಿದ್ದಕ್ಕೂ ಕಟ್ಟಿ ಮುಗಿಸಿದ್ದಕ್ಕೂ ಎಷ್ಟು ಭೇದವಿದೆಯೆಂಬುದು ಅದರಿಂದ ತಿಳಿದೀತು. 1792ರ ಹಣದ ಮುಗ್ಗಟ್ಟು ಈ ದುರ್ಗದ ಯಾವ ಭಾಗವನ್ನು ಮೊಟಕುಗೊಳಿಸಿತೆಂಬ ಪ್ರಶ್ನೆಗೆ ಉತ್ತರವು ಎಲ್ಲಿಯಾದರೂ ಇದ್ದರೆ ಆ ಗಾರೆಯಲ್ಲಿಯೇ ಇದ್ದೀತು. ಅದರ ಮೇಲೆಯೂ ಪ್ರತಿ ಆಷಾಢದಲ್ಲಿ ನೀರು ಜಿನುಗುತ್ತಿರುತ್ತದೆ.